ವೀಳ್ಯ ಬಾರದ ಸಾಲು

ಬೆಳಿಗ್ಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಹಾಲು ಕಾಯಿಸಿದೆ. ಬ್ಲಫ್ ಅನ್ನುವ ಹತ್ತಿರದ ಊರಿನ ವಿದ್ಯುತ್ ಕೇಂದ್ರದಲ್ಲಿ ಬೆಳಗಿನ ಪಾಳಿಯಿದ್ದ ನಮ್ಮ ಯಜಮಾನರಿಗೆ ಚಿತ್ರಾನ್ನ ಕಟ್ಟಿಕೊಟ್ಟೆ. ತುಂತುರಿಗೆ ಒಣಗದೇ ಉಳಿದ ಬಟ್ಟೆಗಳನ್ನು ತಂದು ಒಳಗಿನ ಹಗ್ಗಕ್ಕೆ ಹಾಕಿದೆ. ಗ್ಯಾಸಿನವನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಿ "ನಾಳೆ" ಅಂದ. ಬಿಚ್ಚಿಕೊಂಡಿದ್ದ ಸೀರೆಯ ಅಂಚಿಗೆ ಹೊಲಿಗೆ ಹಾಕಿದೆ. ಆಮೇಲೆ ಬಸ್ಸು. ಪೂರಿಗಾಲಿಯಿಂದ ಮಳವಳ್ಳಿ, ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ. ಪತ್ತಿನ ಸಹಕಾರ ಸಂಘಗಳಿಗೆ ಹೊಸದಾಗಿ ಬಂದ ಕಾರ್ಯದರ್ಶಿಗಳಿಗೆ ಒಕ್ಕೂಟದವರು ತರಬೇತಿ ನಡೆಸುತ್ತಾರೆ. ಹಳಬಳು ಅಂತ ನನ್ನನ್ನೂ ಮಾತಾಡಲು ಕರೆದಿದ್ದರು.

ಮದ್ದೂರಿನ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ಒದ್ದೆ ಗೋಣಿಯಲ್ಲಿ ಸುತ್ತಿದ ವೀಳ್ಯದೆಲೆಯ ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಆ ಹಸಿ ಘಾಟು ಮೂಗಿಗೆ ಬಂದದ್ದೇ ತಡ, ನಾನು ಎದ್ದು ನಿಂತುಬಿಟ್ಟೆ. "ಬಸ್ಸು ಬತ್ತೇನಕ್ಕಾ?" ಅಂತ ಆಕೆಯೂ ಎದ್ದಳು. "ಇಲ್ಲ ಕಣಮ್ಮ, ಕೂತ್ಕೊ" ಅಂದೆ. ಬಸ್ಸು ಬಂದಿರಲಿಲ್ಲ. ಬಂದದ್ದು ಕೆಲವು ವರ್ಷಗಳ ಹಿಂದಿನ ಒಂದು ಮುಂಗಾರು.

ಆಗ ನಾನು ಪೂರಿಗಾಲಿಯ ಮಹಿಳಾ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ಆ ಮಳೆಗಾಲವಿಡೀ ಪ್ರತಿ ಗುರುವಾರ ಇದೇ ದಾರಿಯಲ್ಲಿ ಮಂಡ್ಯದ ತರಗತಿಗೆ ಹೋಗುತ್ತಿದ್ದೆ. ಜೊತೆಗೆ ನಮ್ಮೂರಿನ ಮಂಜುಳ ಇರುತ್ತಿದ್ದಳು. ಊರಾಚೆಯ ಕಾಲೋನಿಯವಳು, ಬಿ.ಕಾಂ. ಓದಿದವಳು, ಸಂಘದ ನಿರ್ದೇಶಕಿ. ಗೆಜ್ಜಲಗೆರೆಯ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಗೆಜ್ಜಲಗೆರೆ ಬಂದಾಗ ಅವಳು ಇಳಿಯುವಳು, ನಾನು ಮುಂದೆ ಮಂಡ್ಯಕ್ಕೆ. ಅಷ್ಟು ಹೊತ್ತಿನ ಮಾತೇ ನನಗೆ ವಾರಕ್ಕೆ ಸಾಕಾಗುತ್ತಿತ್ತು.

ಆ ವರ್ಷ ಮಳೆ ಸರಿಯಾಗಿ ಹಿಡಿಯಲೂ ಇಲ್ಲ, ಬಿಡಲೂ ಇಲ್ಲ. ಮೋಡ ಕವಿಯುವುದು, ನಾಲ್ಕು ಹನಿ ಉದುರಿಸಿ ಹೋಗುವುದು. ನಾಲೆಗೆ ಇವತ್ತು ನೀರು ಬಿಡುತ್ತಾರಂತೆ, ನಾಳೆ ಬಿಡುತ್ತಾರಂತೆ ಎಂದು ಊರಿಗೆ ಊರೇ ತುದಿಗಾಲಲ್ಲಿ ನಿಂತಿತ್ತು. ಭತ್ತದ ಸಸಿಗೆ ಒಟ್ಲು ಹಾಕಿದವರಿಗೆ ನಾಟಿಗೆ ಮೊದಲೇ ಪೈರು ಬಲಿತುಹೋಗುವ ಭಯ, ಹಾಕದವರಿಗೆ ಹಾಕಲಿಲ್ಲವಲ್ಲ ಎಂಬ ಭಯ. ನನಗೂ ಅದೇ ರೋಗ ಅಂಟಿತ್ತು. ಕೂತರೆ ನಿಲ್ಲಬೇಕು, ನಿಂತರೆ ಒಳಗೆ ಹೋಗಬೇಕು, ಒಳಗೆ ಹೋದರೆ ಯಾಕೆ ಬಂದೆ ಅನ್ನುವುದು ಮರೆಯಬೇಕು. ಒಗೆದ ಪಾತ್ರೆ ಒರೆಸುವ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದೆ. ಯಜಮಾನರು ನೋಡಿ ನೋಡಿ, "ನಿಂಗೆ ಕರೆಂಟು ಜಾಸ್ತಿ ಆಗದೆ ಕಣೆ. ಬಾ, ನಮ್ಮ ಪವರ್‌ಹೌಸಿಗೆ ಸೇರಿಸ್ಕತೀವಿ, ನಾಕು ಊರಿಗೆ ದೀಪ ಉರೀತದೆ" ಅನ್ನುತ್ತಿದ್ದರು.

ಕಾರಣ ಒಂದು ಸಣ್ಣ ಸುದ್ದಿ. ಒಕ್ಕೂಟದಿಂದ ತಿಂಗಳಿಗೊಂದು ಪತ್ರಿಕೆ ಬರುತ್ತದೆ: ಯಾವ ಊರಲ್ಲಿ ಯಾವ ಸಂಘ ಏನು ಮಾಡಿತು, ಸರ್ಕಾರಕ್ಕೆ ಏನು ಮನವಿ ಕೊಟ್ಟರು, ಮುಂದಿನ ತರಬೇತಿ ಎಲ್ಲಿ ಎಂಬಿತ್ಯಾದಿ. ಮಳವಳ್ಳಿ ಕಡೆಯ ಸುದ್ದಿ ಬರೆದು ಕಳಿಸುವವಳು ನಾನೇ. ಆಷಾಢದ ಒಂದು ಗುರುವಾರ ಬಸ್ಸಿನಲ್ಲಿ ಆ ತಿಂಗಳ ಸಂಚಿಕೆ ತಿರುವಿ ಹಾಕುತ್ತಿದ್ದೆ. ಕೊನೆಯ ಪುಟದಲ್ಲಿ ನಮ್ಮೂರಿನ ಹೆಸರು ಕಂಡಿತು. ಪೂರಿಗಾಲಿಯ ಮಹಿಳಾ ಸಂಘ ಮಳವಳ್ಳಿಯ ದೊಡ್ಡ ಮಹಿಳಾ ಸಂಘದಲ್ಲಿ ಸೇರಿಹೋಗಲಿದೆ, ಸರ್ವಸದಸ್ಯರ ಸಭೆಯ ಒಪ್ಪಿಗೆಯಷ್ಟೇ ಬಾಕಿ ಎಂದು ಬರೆದಿತ್ತು. ಆ ಸುದ್ದಿ ನಾನು ಬರೆದದ್ದಲ್ಲ.

ಮಂಜುಳನ ಕೈಗೆ ಕೊಟ್ಟೆ. ಓದಿ ಮಡಚಿ ನನ್ನ ಚೀಲಕ್ಕೇ ತುರುಕಿದಳು.

"ನಮ್ಮನೆ ಮದ್ವೆ, ನಮಗೇ ಲಗ್ನಪತ್ರಿಕೆ ಕೊಡ್ತಾವ್ರಲ್ಲಕ್ಕಾ!" ಅಂದಳು.

ನಮ್ಮ ಸಂಘ ಎಂದರೆ ದೊಡ್ಡದೇನಲ್ಲ. ಹಾಲಿನ ಡೈರಿಯ ಪಕ್ಕದಲ್ಲಿ ಒಂದು ಕೋಣೆ, ಒಂದು ಮೇಜು, ಕಿಟಕಿಯ ಕೆಳಗೆ ಒಂದು ಬೆಂಚು. ಆದರೆ ಅದು ಊರೊಳಗಿತ್ತು. ಮಧ್ಯಾಹ್ನ ಮುದ್ದೆ ತೊಳಸಿಟ್ಟು ಕೈ ಒರೆಸಿಕೊಳ್ಳುತ್ತಲೇ ಹೆಂಗಸರು ಬರುತ್ತಿದ್ದರು. ಕುರಿಗೆ ಸೊಪ್ಪು ತರಲು ಹೋದವಳು ಹೊರೆಯನ್ನು ಹೊಸಿಲಾಚೆ ಇಳಿಸಿ ಒಳಗೆ ಬಂದು ತನ್ನ ಉಳಿತಾಯ ಕಟ್ಟಿ ಹೋಗುವಳು. ಮಳವಳ್ಳಿಗೆ ಸೇರಿಸಿದರೆ ಈ ಕೋಣೆ ಮುಚ್ಚುತ್ತಿತ್ತು. ಎಲ್ಲದಕ್ಕೂ ಬಸ್ಸು ಹತ್ತಬೇಕಾಗುತ್ತಿತ್ತು. ಒಬ್ಬಾಕೆ ಹೇಳಿದ್ದು ನನಗೆ ಇವತ್ತಿಗೂ ಕಿವಿಯಲ್ಲಿದೆ: "ಇಲ್ಲಿಗಾದ್ರೆ ಕಸ ಗುಡಿಸ್ತಾ ಗುಡಿಸ್ತಾ ಬತ್ತೀನಿ ರತ್ನಕ್ಕ. ಮಳವಳ್ಳಿಗೆ ಓಗ್ಬೇಕು ಅಂದ್ರೆ ಗಂಡನ್ನ ಕೇಳ್ಬೇಕು. ಯಾಕೆ ಅಂತಾನೆ. ಯಾಕೆ ಅಂತ ಏಳಿದ್ ಮೇಲೆ ಅದು ನನ್ ದುಡ್ಡಾ?"

ಮಳವಳ್ಳಿ ಸಂಘದ ಅಧ್ಯಕ್ಷೆ ಸರೋಜಮ್ಮ ಕೆಟ್ಟವರಲ್ಲ. ಅವರ ಸಂಘದಲ್ಲಿ ಕಂಪ್ಯೂಟರ್ ಇತ್ತು, ಕೂರಲು ಕುರ್ಚಿ, ಕುಡಿಯಲು ನೀರು, ಹೆಂಗಸರಿಗೆ ಶೌಚಾಲಯ ಇದ್ದವು. "ನಾನೇನು ನಿಮ್ಮ ಸಂಗಾನ ನುಂಗಾಕೆ ಬಂದಿದ್ದೀನಾ? ನೀವೂ ವಸಿ ನೆಳ್ಳಾಗೆ ಕುಂತ್ಕಳಿ ಅಂತ ಕರೀತಿದ್ದೀನಿ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳಿರಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ನಮ್ಮ ಸಂಘದ ಅಧ್ಯಕ್ಷೆ ಚಿಕ್ಕತಾಯಮ್ಮನವರ ಮಗಳನ್ನು ಕೊಟ್ಟಿರುವುದು ಈ ಸರೋಜಮ್ಮನ ಮಗನಿಗೆ. ಇಬ್ಬರೂ ಬೀಗತಿಯರು. ಚಿಕ್ಕತಾಯಮ್ಮ ಊರಿಗೇ ಬೈಯುವ ಗಟ್ಟಿ ಹೆಂಗಸು. ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ನಾಲೆಯಾಚೆಯ ಎತ್ತು ನಿಲ್ಲುತ್ತಿತ್ತು. ಅಂಥವರು ಒಂದು ಮಧ್ಯಾಹ್ನ ಸಂಘಕ್ಕೆ ಬಂದು, ಬಾಗಿಲು ಮುಂದೆ ಮಾಡಿ, ಬೆಂಚಿನ ತುದಿಯಲ್ಲಿ ಕೂತರು.

"ನ್ವಾಡು ರತ್ನ, ಈ ಸಂಗ ಕಟ್ಟುವಾಗ ಮನೆಮನೆಗೆ ಓಗಿ ಬೈಸ್ಕಂಡು ಬಂದೋಳು ನಾನು. ಮುಚ್ಚಾಕೆ ನಂಗಿಷ್ಟ ಇಲ್ಲ. ಆದ್ರೆ ನನ್ ಬಾಯಿಂದ ಬ್ಯಾಡ ಅಂತ ಮಾತ್ರ ಅನ್ನಿಸ್ಬ್ಯಾಡ. ಮಗಳು ಆ ಮನೇಲವಳೆ. ನಾನಿಲ್ಲಿ ಒಂದ್ ಮಾತಾಡಿದ್ರೆ ಅವಳಲ್ಲಿ ಒಂದ್ ವರ್ಸ ಕೇಳಿಸ್ಕಬೇಕು."

"ಹಾಗಾದ್ರೆ ಯಾರು ಅನ್ನಬೇಕು ಅಕ್ಕಾ?"

"ಯಾರಾದ್ರೂ ಅನ್ಲಿ. ನೀನು ಓದ್ಕಂಬತ್ತಾ ಇದ್ದೀಯಲ್ಲ ಗುರುವಾರ ಗುರುವಾರ, ಏನಾರ ದಾರಿ ಇದ್ರೆ ನ್ವಾಡು."

ಆ ಗುರುವಾರ ತರಗತಿಯಲ್ಲಿ ಎದ್ದು ಕೇಳಿದೆ. ನಮಗೆ ಪಾಠ ಹೇಳುತ್ತಿದ್ದವರು ಇಲಾಖೆಯಿಂದ ನಿವೃತ್ತರಾದ ಒಬ್ಬ ಮೇಷ್ಟ್ರು. ಕನ್ನಡಕ ಒರೆಸಿಕೊಂಡು ಹೇಳಿದರು: "ಎರಡು ಸಂಘ ಸೇರಬೇಕು ಅಂದ್ರೆ ಸಭೆಗೆ ಬಂದವರಲ್ಲಿ ಮೂರನೇ ಎರಡು ಭಾಗ ಒಪ್ಪಬೇಕಮ್ಮ. ಒಪ್ಪದಿದ್ರೆ ಯಾರಪ್ಪನಿಂದಲೂ ಸೇರ್ಸೋಕಾಗಲ್ಲ. ಮೂರು ಜನದಲ್ಲಿ ಒಬ್ಬಳಿಗಿಂತ ಸ್ವಲ್ಪ ಹೆಚ್ಚು ಜನ ಕೈ ಎತ್ತಿ ಬೇಡ ಅಂದ್ರೆ ಸಾಕು." ಹಿಂದಿನ ಬೆಂಚಿನಿಂದ ಮದ್ದೂರಿನ ಕಾರ್ಯದರ್ಶಿಯೊಬ್ಬರು, "ಸಾರ್, ನಮ್ ಕಡೆ ಎಂಗಸ್ರು ಮನೇಲಿ ಬ್ಯಾಡ ಅಂತಾರೆ, ಸಭೇಲಿ ಅನ್ನಾಕಿಲ್ಲ" ಅಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅವರು ಹೇಳಿದ್ದು ನಿಜವಾಗಿತ್ತು. ನಮ್ಮ ಸೀಮೆಯವರು ಎದುರಿಗೆ ಸಿಕ್ಕವರನ್ನು ಬೈಯಲು ಹಿಂದೆಮುಂದೆ ನೋಡುವುದಿಲ್ಲ, ಆದರೆ ನಾಲ್ಕು ಜನ ಕೂತ ಕಡೆ ನೆಂಟರ ಮುಖ ನೋಡಿಕೊಂಡು 'ಬೇಡ' ಎನ್ನಲಾರರು.

ಸಭೆ ಭಾದ್ರಪದದ ಒಂದು ಭಾನುವಾರಕ್ಕೆ ಗೊತ್ತಾಯಿತು. ಅದಕ್ಕೆ ಮುಂಚಿನ ವಾರಗಳಲ್ಲಿ ನಾನೂ ಮಂಜುಳನೂ ಬೀದಿ ಬೀದಿ ಸುತ್ತಿದೆವು. ಅಷ್ಟು ಹೊತ್ತಿಗೆ ನಾಲೆಗೆ ನೀರೂ ಬಂತು. ಹೆಂಗಸರೆಲ್ಲ ಗದ್ದೆಯಲ್ಲಿ. ಬದುವಿನ ಮೇಲೆ ನಿಂತು ಕೂಗಿ ಹೇಳಬೇಕು. ಬಗ್ಗಿ ನಾಟಿ ಹಾಕುತ್ತಿದ್ದವರು ತಲೆ ಎತ್ತದೆಯೇ, "ಆಯ್ತು ಕಣಕ್ಕ, ಬತ್ತೀವಿ, ಬ್ಯಾಡ ಅಂತೀವಿ, ಈಗ ವಸಿ ಬೆಳಕಿಗೆ ಅಡ್ಡ ನಿಲ್ಬ್ಯಾಡ" ಅನ್ನುವರು. ಎಲ್ಲ ಬೀದಿಯವರೂ ಹಾಗೇ ಅಂದರು. ಅಷ್ಟಾದರೂ ನನ್ನ ಚಡಪಡಿಕೆ ಹೋಗಲಿಲ್ಲ. ಮಂಡ್ಯದ ಒಕ್ಕೂಟದ ಕಚೇರಿಗೆ ಒಂದು ಮನವಿಯನ್ನೂ ಕೊಟ್ಟು ಬಂದೆವು, ಸಣ್ಣ ಸಂಘಗಳನ್ನು ಇರಗೊಡಿ ಎಂದು. ಅಲ್ಲಿದ್ದವರು ಓದಿ, "ಸಭೆ ಏನು ಹೇಳುತ್ತೋ ಅದೇ" ಅಂದರು. ಅದೂ ಸರಿಯೇ.

ಭಾನುವಾರ ಬೆಳಿಗ್ಗೆ ಊರಿನ ಸಮುದಾಯ ಭವನದ ಬೀಗ ತೆಗೆದು ಜಮಖಾನ ಹಾಸಿದೆ. ಹಾಸಿದ್ದು ಸೊಟ್ಟಗಾಯಿತು ಅಂತ ಎತ್ತಿ ಮತ್ತೆ ಹಾಸಿದೆ. ಇಲಾಖೆಯಿಂದ ಒಬ್ಬ ಅಧಿಕಾರಿ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದರು. ಹೆಂಗಸರು ಬರತೊಡಗಿದರು. ನಮ್ಮಲ್ಲಿ ಯಾರೂ ಹೇಳದೆಯೇ ಬೀದಿವಾರು ಕೂರುವ ರೂಢಿ. ಮುಂದೆ ಗೌಡರ ಬೀದಿ, ಅದರ ಹಿಂದೆ ಉಳಿದ ಬೀದಿಗಳು, ಎಡಗಡೆ ಕಿಟಕಿಯ ಸಾಲಿನಲ್ಲಿ ಕಾಲೋನಿಯವರು. ಅವತ್ತು ಕಾಲೋನಿಯಿಂದ ಸುಮಾರು ಜನ ಬಂದಿದ್ದರು. ಅರ್ಧ ಭವನ ಅವರೇ ಇದ್ದರು ಅಂದರೆ ತಪ್ಪಾಗಲಿಕ್ಕಿಲ್ಲ.

ನಾನು ಅಧಿಕಾರಿಗೆ ನೀರು ತರಲು ಒಳಗೆ ಹೋಗಿದ್ದೆ. ವಾಪಸು ಬರುವಷ್ಟರಲ್ಲಿ ಸರೋಜಮ್ಮನ ಕಾರು ಬಂದಿತ್ತು. ಅವರ ಹಿಂದೆ ಇಬ್ಬರು ಹೆಂಗಸರು ಬುಟ್ಟಿಗಳನ್ನು ಹಿಡಿದು ನಿಂತಿದ್ದರು. ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಒಂದೊಂದು ರವಿಕೆ ಕಣ. ಸರೋಜಮ್ಮ ಮುಂದಿನ ಸಾಲಿನಿಂದ ಶುರುಮಾಡಿ ಕುಂಕುಮ ಇಟ್ಟು ಒಬ್ಬೊಬ್ಬರ ಮಡಿಲಿಗೂ ಹಾಕುತ್ತಿದ್ದರು. "ತಕ್ಕೊ ತಾಯಿ, ನಮ್ಮ ಸಂಗದ ಕಡೆಯಿಂದ." ಬೀಗರ ಕಡೆಯ ಹೆಂಗಸು, ಮುತ್ತೈದೆ, ಕುಂಕುಮ ಇಟ್ಟು ಕೊಡುವಾಗ ಬೇಡ ಅನ್ನುವುದುಂಟೆ? ಎಲ್ಲರೂ ಸೆರಗೊಡ್ಡಿದರು.

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ಕಿಟಕಿಯ ಮೇಲೆ ಇಟ್ಟೆ. ನಮ್ಮ ಕಡೆ ಹೆಣ್ಣು ಗೊತ್ತುಮಾಡುವಾಗಲೂ ವೀಳ್ಯ, ಗದ್ದೆ ಗುತ್ತಿಗೆಗೆ ಕೊಡುವಾಗಲೂ ವೀಳ್ಯ, ನಾಟಿಗೆ ಆಳು ಹೇಳುವಾಗಲೂ ವೀಳ್ಯ. ಈಸಿಕೊಂಡ ಮೇಲೆ ಮಾತು ಮುಗಿದಂತೆ. ಎಲೆ ಈಸಿಕೊಂಡ ನಾಟಿಯವಳು ಪಕ್ಕದ ಗದ್ದೆಯವನು ಕೂಲಿ ಹೆಚ್ಚು ಕೊಡುತ್ತೇನೆಂದರೂ ಅತ್ತ ಹೋಗುವುದಿಲ್ಲ. ಸರೋಜಮ್ಮನಿಗೆ ಇದು ಗೊತ್ತಿತ್ತು. ಸೆರಗೊಡ್ಡಿದವರಿಗೂ ಗೊತ್ತಿತ್ತು, ಆದರೆ ಗೊತ್ತಾದದ್ದು ಸೆರಗು ತುಂಬಿದ ಮೇಲೆ. ಬದುವಿನ ಮೇಲೆ ನಿಂತು ನಾವು ಕೂಗಿದ್ದೆಲ್ಲ ಒಂದು ಎಲೆಯ ಕೆಳಗೆ ಮುಚ್ಚಿಹೋಯಿತು.

ಕಿಟಕಿಯ ಸಾಲಿನ ಹತ್ತಿರ ಬಂದಾಗ ಸರೋಜಮ್ಮ ನಿಂತರು. ಜೊತೆಯವಳಿಗೆ, "ಅಲ್ಲೇ ಇಟ್ಬುಡವ್ವ ಬುಟ್ಟೀನ. ಅವರೇ ತಕ್ಕತಾರೆ" ಅಂದರು. ಬುಟ್ಟಿಯನ್ನು ನೆಲದ ಮೇಲೆ ಇಟ್ಟು ಅವರು ವೇದಿಕೆ ಹತ್ತಿದರು. ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ. ಮಂಜುಳ ಅದನ್ನೊಮ್ಮೆ ನೋಡಿ ಕಿಟಕಿಯಾಚೆ ನೋಡಿದಳು.

ಚಿಕ್ಕತಾಯಮ್ಮ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತಿದ್ದರು. ಅವರ ಮಡಿಲಲ್ಲೂ ಎಲೆ, ಹಣ್ಣು. ಸರೋಜಮ್ಮ ಪಕ್ಕದಲ್ಲೇ. ಮಧ್ಯಾಹ್ನದ ಬೀಗರೂಟಕ್ಕೆ ಚಿಕ್ಕತಾಯಮ್ಮನ ಮನೆಯಲ್ಲಿ ಒಲೆ ಹತ್ತಿಸಿದ್ದು ಊರಿಗೆಲ್ಲ ಗೊತ್ತಿತ್ತು. ಅಧಿಕಾರಿ ವಿಷಯ ಓದಿ ಹೇಳಿದರು. ಚೀಟಿ ಹಾಕಿಸಿ ಸಾರ್ ಎಂದು ನಾನು ಎದ್ದು ಕೇಳಿದೆ. "ಕೈ ಎತ್ತಿದರೆ ಸಾಕಮ್ಮ, ಯಾರೂ ಆಕ್ಷೇಪ ಎತ್ತಿಲ್ಲವಲ್ಲ" ಅಂದರು.

"ಒಪ್ಪುವವರು ಕೈ ಎತ್ತಿ."

ಮುಂದಿನ ಸಾಲಿನ ಕೈಗಳು ಒಂದನ್ನೊಂದು ನೋಡಿಕೊಂಡು ಮೇಲೆದ್ದವು. ಇನ್ನೊಂದು ಕೈಯಲ್ಲಿ ಮಡಿಲು ಹಿಡಿದುಕೊಂಡಿದ್ದರು. ಕಸ ಗುಡಿಸುತ್ತ ಗುಡಿಸುತ್ತ ಬರುತ್ತೇನೆ ಅಂದಿದ್ದವಳೂ ಎತ್ತಿದಳು, ನನ್ನ ಕಡೆ ನೋಡದೆ. ಕೊನೆಗೆ ಚಿಕ್ಕತಾಯಮ್ಮನ ಕೈ. ಭುಜದಷ್ಟು ಎತ್ತರಕ್ಕೆ ಹೋಗಿ ಅಲ್ಲೇ ನಿಂತಿತು.

"ಒಪ್ಪದವರು?"

ಒಂದು ಕೈಯೂ ಏಳಲಿಲ್ಲ. ಸಂಬಳದ ಕಾರ್ಯದರ್ಶಿಯಾದ ನನಗೆ ಕೈ ಎತ್ತುವ ಹಕ್ಕಿರಲಿಲ್ಲ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಆಗ ಕಿಟಕಿಯ ಬದಿಯಲ್ಲಿ ಮಂಜುಳ ಎದ್ದು ನಿಂತು ಕೈ ಎತ್ತಿದಳು.

ಸರೋಜಮ್ಮ ನಕ್ಕರು. "ಏನವ್ವಾ ಇದು? ಊರೆಲ್ಲ ಈಳ್ಯ ಈಸ್ಕಂಡ ಮ್ಯಾಲೆ ನೀನೊಬ್ಳು ಬ್ಯಾಡ ಅಂದ್ರೆ ಚೆಂದವಾ?"

"ಈಸ್ಕಂಡೋರ ಮಾತು ಈಸ್ಕಂಡೋರಿಗೆ ಸರಿ ಕಣಮ್ಮ," ಮಂಜುಳ ಅಂದಳು. ದನಿ ಏರಿಸಲಿಲ್ಲ. "ನಮಗೆ ನೀವು ಕೊಡ್ನಿಲ್ವಲ್ಲ. ಬುಟ್ಟಿ ಅಲ್ಲೇ ಅದೆ, ನೀವು ಇಟ್ಟಂಗೇ ಅದೆ."

ಎಲ್ಲರ ಕಣ್ಣೂ ಬುಟ್ಟಿಯ ಮೇಲೆ ಹೋಯಿತು. ಮಂಜುಳನ ತಾಯಿ ದೇವಮ್ಮ, ನಾಟಿಯ ಗುಂಪು ಕಟ್ಟಿಕೊಂಡು ಊರೂರು ತಿರುಗುವವಳು, ಕೂತಲ್ಲಿಂದಲೇ ಕೈ ಎತ್ತಿದಳು. "ಕೊಟ್ಟಿದ್ರೆ ನಾವೂ ಬಾಯ್ ಮುಚ್ಕಂಡು ಕುಂತಿರ್ತಿದ್ದೋ. ಈಳ್ಯಕ್ಕೆ ತಪ್ಪೋ ಜನ ಅಲ್ಲ ನಾವು." ಅವಳ ಪಕ್ಕದವಳು ಎತ್ತಿದಳು. ಅವಳ ಹಿಂದಿನವಳು ಎತ್ತಿದಳು. ನೋಡನೋಡುತ್ತ ಕಿಟಕಿಯ ಸಾಲಿಗೆ ಸಾಲೇ ಕೈ ಎತ್ತಿತು.

ಸರೋಜಮ್ಮ ದಡಬಡಿಸಿ ವೇದಿಕೆ ಇಳಿದರು. ತಾವೇ ಬುಟ್ಟಿ ಎತ್ತಿಕೊಂಡು, "ಅಯ್ಯೋ, ಜನ ಜಾಸ್ತಿ ಅಂತ ಅಂಗಂದೆ ಕಣ್ರವ್ವ. ತಕ್ಕಳಿ, ನಾನೇ ಕೊಡ್ತೀನಿ, ಕೈ ನೀಡಿ" ಅಂದರು.

"ಎಲ್ಲಿ ನೀಡನ ಕಣಮ್ಮ," ದೇವಮ್ಮ ಅಂದಳು, "ಕೈ ಮ್ಯಾಲವೆ."

ಮೊದಲು ನಕ್ಕದ್ದು ಗೌಡರ ಬೀದಿಯವರು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ಮಡಿಲಿನ ಹಣ್ಣು ಉರುಳುವಷ್ಟು. ಅಧಿಕಾರಿ ಎಣಿಸಿದರು, ನಂಬಿಕೆ ಬರದೆ ಮತ್ತೆ ಎಣಿಸಿದರು. ಮೂರನೇ ಎರಡು ಭಾಗಕ್ಕೆ ಹತ್ತಿರವೂ ಬಂದಿರಲಿಲ್ಲ. ಅಧ್ಯಕ್ಷರೇ ಸಾರಬೇಕು ಎಂದರು. ಚಿಕ್ಕತಾಯಮ್ಮ ಎದ್ದರು. ಗದ್ದೆಯಾಚೆಗೆ ಕೇಳುವ ಆ ದನಿಯನ್ನು ತಗ್ಗಿಸಿ, "ಆಗ್ನಿಲ್ಲ. ಸಂಗ ಇಲ್ಲೇ ಇರ್ತದೆ" ಅಂದರು. ಸರೋಜಮ್ಮ ಬುಟ್ಟಿಯನ್ನು ಜೊತೆಯವಳ ಕೈಗೆ ಕೊಟ್ಟು, ಯಾರನ್ನೂ ನೋಡದೆ, ಊಟಕ್ಕೆಂದು ಚಿಕ್ಕತಾಯಮ್ಮನ ಮನೆಯ ಕಡೆ ನಡೆದರು. ಎಷ್ಟು ಸಿಟ್ಟು ಬಂದರೂ ಬೀಗರೂಟ ಬಿಟ್ಟು ಹೋಗುವಂತಿಲ್ಲವಲ್ಲ.

ಭವನ ಖಾಲಿಯಾಯಿತು. ನಾನು ಜಮಖಾನ ಸುತ್ತುತ್ತಿದ್ದೆ, ಮಂಜುಳನೂ ದೇವಮ್ಮನೂ ಇನ್ನೊಂದು ತುದಿ ಹಿಡಿದಿದ್ದರು. ಮಂಜುಳನ ಮುಖದಲ್ಲಿ ಗೆಲುವಿರಲಿಲ್ಲ.

"ಖುಷಿ ಆಗ್ಲಿಲ್ವೇನೆ?" ಅಂದೆ.

"ಆಗದೆ ಕಣಕ್ಕ. ಆದ್ರೆ ಆಯಮ್ಮ ಬುಟ್ಟೀನ ಇನ್ನು ನಾಕ್ ಹೆಜ್ಜೆ ತಂದಿದ್ರೆ ಸೋತೋಗ್ತಿದ್ದೋ. ತರಾಕಿಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತಲ್ಲ, ಅದು ಉರೀತದೆ."

ಜಮಖಾನದ ಧೂಳು ಕೊಡವಿದೆ.

ತಲೆ ಎತ್ತಿದರೆ ಚಿಕ್ಕತಾಯಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದರು. ಒಂದು ಹೆಜ್ಜೆ ಹೊರಗಿಡುವರು, ಒಳಗೆಳೆದುಕೊಳ್ಳುವರು.

"ಮನೇಲಿ ಬೀಗ್ತಿ ಕುಂತವಳೆ," ಅಂದರು. "ಈಗ ಓದ್ರೆ ಅವಳ ಮೊಖ ನೋಡ್ಬೇಕು. ಅವಳು ಊಟ ಮುಗಿಸ್ಕಂಡು ಕಾರು ಹತ್ತಗಂಟ ನನ್ನ ಎಲ್ಲಾರ ಕೂರ್ಸ್ರವ್ವ."

ನಮ್ಮ ಮನೆಗೆ ಬನ್ನಿ ಅನ್ನೋಣವೆಂದರೆ ಅದು ಅವರ ಮನೆಯ ಎದುರು ಸಾಲಿನಲ್ಲೇ. ಮಂಜುಳ ತಾಯಿಯ ಮುಖ ನೋಡಿದಳು. ತಾಯಿ ಮಗಳ ಮುಖ ನೋಡಿದಳು.

"ನಮ್ಮನೆಗೆ ಬತ್ತೀರಾ ಅಕ್ಕಾ?" ಮಂಜುಳ ಕೇಳಿದಳು. "ಬೀಗರೂಟ ಇಲ್ಲ. ಮುದ್ದೆ, ಉಪ್ಸಾರು."

ಚಿಕ್ಕತಾಯಮ್ಮ ಇಷ್ಟು ವರ್ಷ ಕಾಲೋನಿಯ ಮನೆಗಳ ಬಾಗಿಲವರೆಗೂ ಹೋಗಿದ್ದರು, ಸದಸ್ಯರನ್ನು ಸೇರಿಸಲು, ಸಭೆಗೆ ಕರೆಯಲು. ಹೊಸಿಲು ದಾಟಿದ್ದನ್ನು ನಾನು ನೋಡಿರಲಿಲ್ಲ. ಅದು ಅಲ್ಲಿದ್ದ ನಾಲ್ವರಿಗೂ ಗೊತ್ತಿತ್ತು.

"ಕಾರ ಕಲ್ಲಲ್ಲಿ ಅರ್ದಿದ್ದೀಯೋ, ಮಿಕ್ಸೀಲೋ?" ದೇವಮ್ಮನನ್ನು ಕೇಳಿದರು.

"ಕಲ್ಲಲ್ಲಿ."

"ನಡಿ ಮತ್ತೆ."

ತುಂತುರು ಬೀಳುತ್ತಿತ್ತು. ಸೆರಗು ತಲೆಗೆ ಎಳೆದುಕೊಂಡು ನಡೆದೆವು. ಮನೆಯಲ್ಲಿ ದೇವಮ್ಮ ಅಟ್ಟದಿಂದ ಹೊಸ ಸ್ಟೀಲ್ ತಟ್ಟೆ ಇಳಿಸಲು ಹೋದಳು. "ನೀವು ಯಾವುದ್ರಲ್ಲಿ ಉಣ್ತೀರೋ ಅದ್ನೇ ತತ್ತಾರೆ" ಎಂದು ಚಿಕ್ಕತಾಯಮ್ಮ ಗದರಿದರು. ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತು ನಾಲ್ವರೂ ಉಂಡೆವು. ಬಿಸಿ ರಾಗಿಮುದ್ದೆ, ಹುರುಳಿಕಾಳು ಸೊಪ್ಪಿನ ಉಪ್ಸಾರು, ಕಾರ, ಹೆಚ್ಚಿದ ಈರುಳ್ಳಿ. ಚಿಕ್ಕತಾಯಮ್ಮ ಕಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಇನ್ನರ್ಧ ಮುದ್ದೆ ಹಾಕಿಸಿಕೊಂಡರು. "ಇದಕ್ಕೆ ಉಪ್ಪು ವಸಿ ಮುಂದು" ಎಂದು ಬೈದರು ಕೂಡ.

ಕೈ ತೊಳೆದು ಗೋಡೆಗೆ ಒರಗಿದವರು ಮಾತಿನ ಮಧ್ಯೆಯೇ ನಿದ್ದೆಹೋದರು. ಎಲ್ಲರಿಗಿಂತ ಮೊದಲು ಅವರೇ. ಬಾಯಿ ಅರ್ಧ ತೆರೆದು, ಗೊರಕೆ ಹೊಡೆಯುತ್ತ. ಅವರ ಸೊಂಟದ ಚೀಲದಲ್ಲಿ ಫೋನು ಬಡಿದುಕೊಂಡಿತು. ನಿಂತಿತು. ಮತ್ತೆ ಬಡಿದುಕೊಂಡಿತು. ಮನೆಯಿಂದಲೇ ಇರಬೇಕು.

"ಎಬ್ಬಿಸ್ಲಾ ಅಕ್ಕಾ?" ಮಂಜುಳ ಪಿಸುಗುಟ್ಟಿದಳು.

ದೇವಮ್ಮ ಆಗಲೇ ಅವರ ಪಕ್ಕದಲ್ಲಿ ಕಾಲು ಚಾಚಿ, ತೋಳಿಗೆ ತಲೆ ಕೊಟ್ಟಿದ್ದಳು. ಕಣ್ಣು ಮುಚ್ಚಿಕೊಂಡೇ ಅಂದಳು:

"ಬುಡು ಮಗಾ. ಮನಿಕ್ಕಳ್ಳಿ."